ಮೊಬೈಲ್‌ನಲ್ಲಿ ಟೋಕನ್: ಬಟನ್ ಒತ್ತಿದರೂ ಹೋಗದಿದ್ದಾಗ

ಹೊರರೋಗಿ ಟೋಕನ್‌ಗಾಗಿ ಮೊಬೈಲ್‌ನಲ್ಲಿ ಎಲ್ಲ ವಿವರ ತುಂಬಿ ಬಟನ್ ಒತ್ತುತ್ತೀರಿ. ಒಮ್ಮೆ ಹೋಗುತ್ತದೆ, ಇನ್ನೊಮ್ಮೆ ಸುಮ್ಮನಿರುತ್ತದೆ. ತಪ್ಪು ನಿಮ್ಮದಲ್ಲ. ಆ ಬಟನ್ ನಡೆಯುವುದು ಜಾವಾಸ್ಕ್ರಿಪ್ಟ್ ಎಂಬ ಭಾಷೆಯಲ್ಲಿ ಬರೆದ ಪ್ರೋಗ್ರಾಂನಿಂದ. ನೆಟ್‌ವರ್ಕ್ ನಿಧಾನವಿದ್ದರೆ ಬಟನ್ ಮೊದಲು ಕಾಣುತ್ತದೆ, ಪ್ರೋಗ್ರಾಂ ಆಮೇಲೆ ಬರುತ್ತದೆ. ಪುಟ ಪೂರ್ತಿ ತೆರೆಯುವವರೆಗೆ ತಾಳಿ. ಮತ್ತೆ ಮತ್ತೆ ಒತ್ತಬೇಡಿ. ಒಬ್ಬರಿಗೇ ಎರಡು ಟೋಕನ್ ಬಿದ್ದು ಇನ್ನೊಬ್ಬ ರೋಗಿಯ ಸರದಿ ತಪ್ಪಬಹುದು.

ಓಟಿಪಿ ನೋಡಲು ಮೆಸೇಜಿಗೆ ಹೋಗಿ ಬಂದರೆ, ಮೆಮೊರಿ ಕಡಿಮೆಯಿರುವ ಫೋನಿನಲ್ಲಿ ಪುಟ ಹೊಸದಾಗಿ ತೆರೆದು ತುಂಬಿದ್ದೆಲ್ಲ ಅಳಿಸಿಹೋಗುವುದುಂಟು. ಪರದೆಯ ಮೇಲೆ ಇಳಿಯುವ ಸೂಚನೆಯಲ್ಲೇ ಓದಿಕೊಳ್ಳಿ.

ಟೋಕನ್ ಸಂಖ್ಯೆ ಬರುವತನಕ ನೋಂದಣಿ ಆಯಿತೆಂದು ತಿಳಿಯಬೇಡಿ. ಖಾಲಿ ಹೊಟ್ಟೆಯಲ್ಲಿ ರಕ್ತ ಪರೀಕ್ಷೆಗೆ ಬರುವವರಂತೂ ಹಿಂದಿನ ದಿನವೇ ನೋಡಿಕೊಳ್ಳಿ. ಎದೆನೋವು, ಉಸಿರಾಟದ ತೊಂದರೆ ಇದ್ದರೆ ಮೊಬೈಲ್ ಬದಿಗಿಟ್ಟು ನೇರವಾಗಿ ತುರ್ತು ಚಿಕಿತ್ಸಾ ವಿಭಾಗಕ್ಕೆ ಬನ್ನಿ.