ಹಿಂದಿನ ಚಕ್ರಕ್ಕೂ ಡಿಸ್ಕ್ ಬೇಕೆ?

ಹಾಸನದ ಓದುಗರೊಬ್ಬರು ಕೇಳಿದ್ದಾರೆ: ‘ನನ್ನದು ಹಳೆಯ ಚಿಕ್ಕ ಕಾರು. ಮುಂದೆ ಡಿಸ್ಕ್, ಹಿಂದೆ ಡ್ರಮ್. ಲೇತ್‌ನಲ್ಲಿ ಬೇರೆ ಹಬ್, ಸ್ಪೇಸರ್ ಮಾಡಿಸಿ ಹಿಂದಕ್ಕೂ ದೊಡ್ಡ ಡಿಸ್ಕ್ ಕೂರಿಸಿಕೊಡ್ತೀನಿ, ಗಾಡಿ ಅರ್ಧ ದೂರಕ್ಕೇ ನಿಲ್ಲುತ್ತೆ ಅಂತಾರೆ ಗ್ಯಾರೇಜಿನವರು. ನಿಜವೇ?’

ಅರ್ಧ ದೂರದ ಮಾತು ಸುಳ್ಳು. ಬ್ರೇಕು ನಿಲ್ಲಿಸುವುದು ಚಕ್ರವನ್ನು ಮಾತ್ರ. ಕಾರನ್ನು ನಿಲ್ಲಿಸುವುದು ಟೈರು ಮತ್ತು ರಸ್ತೆಯ ನಡುವಿನ ಹಿಡಿತ. ಒಣ ಡಾಂಬರಿನ ಮೇಲೆ ಆ ಹಿಡಿತ ಕಾರಿನ ತೂಕದ ಶೇಕಡಾ 80 ಎಂದಿಟ್ಟುಕೊಂಡರೆ, ಗಂಟೆಗೆ 80 ಕಿ.ಮೀ. ವೇಗದಲ್ಲಿರುವ ಕಾರು ನಿಲ್ಲಲು 31–32 ಮೀಟರ್ ಬೇಕೇ ಬೇಕು. ಈಗಿರುವ ಬ್ರೇಕು ಚಕ್ರವನ್ನು ಲಾಕ್ ಮಾಡುವಷ್ಟು ಬಲವಾಗಿದ್ದರೆ, ಅದರ ಮೇಲೆ ಎಷ್ಟು ದೊಡ್ಡ ಡಿಸ್ಕ್ ಹಾಕಿದರೂ ಈ ದೂರ ಒಂದಡಿಯೂ ಕಡಿಮೆಯಾಗದು.

ಅದರಲ್ಲೂ ಹಿಂದಿನ ಚಕ್ರದ ಪಾತ್ರ ಚಿಕ್ಕದು. ಸಿಟಿ ಬಸ್ಸಿನ ಚಾಲಕ ಗಕ್ಕನೆ ಬ್ರೇಕ್ ಹಾಕಿದಾಗ ನಿಂತವರೆಲ್ಲ ಮುಂದಕ್ಕೆ ಮುಗ್ಗರಿಸುತ್ತಾರಲ್ಲ, ಕಾರಿನ ತೂಕವೂ ಹಾಗೆಯೇ ಮುಂದಿನ ಚಕ್ರಗಳ ಮೇಲೆ ಮುಗ್ಗರಿಸುತ್ತದೆ. ಸಾವಿರ ಕೆ.ಜಿ.ಯ ಕಾರೊಂದು ನಿಂತಿದ್ದಾಗ ಮುಂದೆ 600, ಹಿಂದೆ 400 ಕೆ.ಜಿ. ಹೊತ್ತಿದೆ ಎನ್ನಿ. ಗುರುತ್ವ ಕೇಂದ್ರ ನೆಲದಿಂದ 55 ಸೆಂ.ಮೀ. ಮೇಲಿದ್ದು, ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 2.4 ಮೀಟರ್ ಅಂತರವಿದ್ದರೆ, ಜೋರು ಬ್ರೇಕಿನಲ್ಲಿ ಸುಮಾರು 183 ಕೆ.ಜಿ. ಮುಂದಕ್ಕೆ ಸರಿಯುತ್ತದೆ. ಹಿಂದೆ ಉಳಿಯುವುದು 217 ಕೆ.ಜಿ., ಎರಡೂ ಚಕ್ರಕ್ಕೆ ಸೇರಿ. ಇಷ್ಟು ಹಗುರವಾದ ಚಕ್ರಕ್ಕೆ ಬಲವಾದ ಬ್ರೇಕ್ ಕೊಟ್ಟರೆ ಅದು ಬೇಗನೆ ಲಾಕ್ ಆಗುತ್ತದೆ. ಲಾಕ್ ಆದ ಟೈರಿಗೆ ಅಡ್ಡಕ್ಕೆ ಜಾರದಂತೆ ತಡೆಯುವ ಶಕ್ತಿ ಇರುವುದಿಲ್ಲ. ಮುಂದಿನ ಚಕ್ರ ಲಾಕ್ ಆದರೆ ಸ್ಟೀರಿಂಗ್ ಕೇಳದೆ ಕಾರು ನೇರಕ್ಕೆ ಜಾರುತ್ತದೆ. ಹಿಂದಿನದು ಮೊದಲು ಲಾಕ್ ಆದರೆ ಕಾರಿನ ಬಾಲ ಮುಂದಕ್ಕೆ ಬರಲು ನೋಡುತ್ತದೆ. ತಯಾರಕರು ಹಿಂದಿನ ಬ್ರೇಕನ್ನು ಬೇಕೆಂದೇ ಸಪ್ಪೆಯಾಗಿ ಇಟ್ಟಿರುವುದು ಇದಕ್ಕಾಗಿಯೇ ಹೊರತು ಜಿಪುಣತನಕ್ಕಷ್ಟೇ ಅಲ್ಲ. (ಜಿಪುಣತನವೂ ಇದೆ, ಇಲ್ಲವೆನ್ನಲಾರೆ.)

ಹಾಗಾದರೆ ಡಿಸ್ಕ್ ಅಷ್ಟು ಹೆಸರು ಮಾಡಿದ್ದು ಹೇಗೆ? ಅದರ ಕಥೆ ನನಗೆ ಅಚ್ಚುಮೆಚ್ಚು. 1902ರಲ್ಲಿ ಫ್ರಾನ್ಸಿನ ಲೂಯಿ ರೆನೋ ಡ್ರಮ್ ಬ್ರೇಕಿಗೆ ಒಂದು ರೂಪ ಕೊಟ್ಟ. ಅದೇ ವರ್ಷ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದ. ಡ್ರಮ್ ಗೆದ್ದಿತು, ಡಿಸ್ಕ್ ಮೂಲೆ ಸೇರಿತು. ಲ್ಯಾಂಚೆಸ್ಟರ್ ಬಳಸಿದ್ದು ತಾಮ್ರದ ಪ್ಯಾಡು. ಲೋಹಕ್ಕೆ ಲೋಹ ಉಜ್ಜಿ ಕಿವಿ ಹರಿಯುವ ಕಿರುಚಾಟ. ಧೂಳಿನ ರಸ್ತೆಯಲ್ಲಿ ಪ್ಯಾಡು ಸವೆಯುತ್ತಿದ್ದ ಬಗೆ ಹೇಳುವುದೇ ಬೇಡ. ಆ ಸದ್ದನ್ನು ಅಡಗಿಸಿದ್ದು ಹರ್ಬರ್ಟ್ ಫ್ರೂಡ್ ರೂಪಿಸಿದ ಕಲ್ನಾರಿನ ಲೈನಿಂಗ್. ಡರ್ಬಿಶೈರ್‌ನ ಗುಡ್ಡದ ಇಳಿಜಾರಿನಲ್ಲಿ ಗಾಡಿ ಹೊಡೆಯುವವರು ಹಳೆಯ ಬೂಟನ್ನು ಚಕ್ರಕ್ಕೆ ಒತ್ತಿ ಬ್ರೇಕ್ ಮಾಡಿಕೊಳ್ಳುತ್ತಿದ್ದುದನ್ನು ನೋಡಿ ಈತನಿಗೆ ಲೈನಿಂಗಿನ ಯೋಚನೆ ಹೊಳೆಯಿತಂತೆ. ತನ್ನ ಹೆಸರಿನ ಅಕ್ಷರಗಳನ್ನೇ ಕಲಸಿ, ಜೊತೆಗೊಂದು ಅಕ್ಷರ ಸೇರಿಸಿ ಆತ ಕಂಪನಿಗೆ ಇಟ್ಟ ಹೆಸರು ಫೆರೋಡೋ.

ಡಿಸ್ಕಿಗೆ ಶುಕ್ರದೆಸೆ ಬಂದಿದ್ದು ಅರ್ಧ ಶತಮಾನದ ಮೇಲೆ. ವಿಮಾನಗಳಲ್ಲಿ ಪಳಗಿದ್ದ ಡನ್‌ಲಪ್ ಕಂಪನಿ ಜಾಗ್ವಾರ್‌ನ ಸಿ-ಟೈಪ್ ರೇಸ್ ಕಾರಿಗೆ ಡಿಸ್ಕ್ ಕೂರಿಸಿತು. 1953ರ ಲ ಮಾನ್ ಓಟದಲ್ಲಿ ಟೋನಿ ರೋಲ್ಟ್ ಮತ್ತು ಡಂಕನ್ ಹ್ಯಾಮಿಲ್ಟನ್ ಅದನ್ನು 24 ಗಂಟೆ ಓಡಿಸಿ ಗೆದ್ದರು. ಗಂಟೆಗೆ ನೂರು ಮೈಲಿಗಿಂತ ಹೆಚ್ಚಿನ ಸರಾಸರಿಯಲ್ಲಿ ಆ ಓಟ ಮುಗಿದದ್ದು ಅದೇ ಮೊದಲು. ಅಲ್ಲಿ ಗೆದ್ದಿದ್ದು ಹಿಡಿಯುವ ಬಲಕ್ಕಿಂತ ಹೆಚ್ಚಾಗಿ ತಾಳಿಕೆ. ಡ್ರಮ್ಮು ಕಾದರೆ ಹಿಗ್ಗಿ ಒಳಗಿನ ಶೂಗಳಿಂದ ದೂರ ಸರಿಯುತ್ತದೆ, ಪೆಡಲ್ ಕೆಳಕ್ಕಿಳಿಯುತ್ತದೆ. ಡಿಸ್ಕ್ ಕಾದರೆ ಪ್ಯಾಡಿನ ಕಡೆಗೇ ಹಿಗ್ಗುತ್ತದೆ, ಗಾಳಿಗೂ ತೆರೆದಿದೆ.

ನಮ್ಮ ಓದುಗರ ಕಾರಿಗೆ ಆ ಬಿಸಿಯ ಕಾಟವಿದೆಯೇ? 80 ಕಿ.ಮೀ. ವೇಗದ ಸಾವಿರ ಕೆ.ಜಿ. ಕಾರಿನಲ್ಲಿ ಸುಮಾರು 247 ಕಿಲೋಜೂಲ್ ಚಲನಶಕ್ತಿ ಇರುತ್ತದೆ. ಅದರ ಕಾಲು ಭಾಗ ಹಿಂದಕ್ಕೆ ಹೋಗಿ ನಾಲ್ಕು ಕೆ.ಜಿ. ತೂಕದ ಎರಡು ಡಿಸ್ಕಿಗೆ ಹಂಚಿದರೆ, ಒಂದು ಸಲ ನಿಲ್ಲಿಸಿದಾಗ ಪ್ರತಿಯೊಂದೂ ಬಿಸಿಯೇರುವುದು ಬರೀ 17 ಡಿಗ್ರಿ. ಘಾಟಿಯ ಲೆಕ್ಕ ಬೇರೆ. ಶಿರಾಡಿಯಲ್ಲೋ ಆಗುಂಬೆಯಲ್ಲೋ 500 ಮೀಟರ್ ಎತ್ತರ ಇಳಿದರೆ, 80ರ ವೇಗದಿಂದ ಇಪ್ಪತ್ತು ಸಲ ನಿಲ್ಲಿಸಿದಷ್ಟು ಶಕ್ತಿ ಬಿಡುಗಡೆಯಾಗುತ್ತದೆ. ಅದಕ್ಕೆ ಸೆಕೆಂಡ್ ಗೇರ್ ಎಂಬ ಖರ್ಚಿಲ್ಲದ ಉಪಾಯವಿದೆ.

ಇನ್ನು ಲೇತ್ ಕೆಲಸ. ಹಬ್ ಎಂದರೆ ಚಕ್ರ, ಡಿಸ್ಕ್, ಬೇರಿಂಗ್ ಮೂರೂ ಕೂಡುವ ಜಾಗ. ಬೇರೆ ಕಾರಿನ ಡಿಸ್ಕ್ ತಂದರೆ ಅದರ ನಡುವಿನ ತೂತು, ಸ್ಟಡ್‌ಗಳ ವೃತ್ತ ಯಾವುದೂ ಹೊಂದುವುದಿಲ್ಲ, ಹಾಗಾಗಿ ಹೊಸ ಹಬ್. ಡಿಸ್ಕು ಪ್ಯಾಡುಗಳನ್ನು ಒತ್ತುವ ಕ್ಯಾಲಿಪರಿನ ನಟ್ಟನಡುವೆ ಬರಬೇಕು, ಅದಕ್ಕೊಂದು ಸ್ಪೇಸರ್. ಕ್ಯಾಲಿಪರು ರಿಮ್ಮಿಗೆ ತಾಗಿದರೆ ಚಕ್ರವನ್ನು ಹೊರಗೆ ತಳ್ಳಲು ಇನ್ನೊಂದು. ಪೀಣ್ಯದಲ್ಲೋ ಮಾಚೇನಹಳ್ಳಿಯಲ್ಲೋ ಇದನ್ನು ಚೆನ್ನಾಗಿ ಮಾಡಿಕೊಡುವ ಟರ್ನರ್‌ಗಳಿದ್ದಾರೆ. ನೋಡಬೇಕಾದ್ದು, ಬೋರು ಮತ್ತು ಡಿಸ್ಕ್ ಕೂರುವ ಮುಖವನ್ನು ಅವರು ಒಂದೇ ಸೆಟ್ಟಿಂಗ್‌ನಲ್ಲಿ ತಿರುವಿದ್ದಾರೆಯೇ ಎಂಬುದು. ಚಕ್‌ನಿಂದ ಬಿಚ್ಚಿ ಮತ್ತೆ ಕಟ್ಟಿದರೆ ಕೂದಲೆಳೆಯಷ್ಟು ಓರೆ ನುಸುಳುತ್ತದೆ. ಡಿಸ್ಕಿನ ಅಂಚು ಮಿಲಿಮೀಟರಿನ ಹತ್ತನೇ ಒಂದು ಭಾಗ ಓಲಾಡಿದರೂ 80ರ ವೇಗದಲ್ಲಿ ಸೆಕೆಂಡಿಗೆ ಹದಿಮೂರು ಸಲ ಪ್ಯಾಡನ್ನು ತಳ್ಳುತ್ತದೆ. ಡಿಸ್ಕ್ ಕ್ರಮೇಣ ಒಂದೊಂದು ಕಡೆ ಒಂದೊಂದು ದಪ್ಪವಾಗಿ ಪೆಡಲ್ ನಡುಗತೊಡಗುತ್ತದೆ. ಡಯಲ್ ಗೇಜ್ ಇಲ್ಲದ ಅಂಗಡಿಯಿಂದ ಹಬ್ ಮಾಡಿಸಬೇಡಿ.

ಚಕ್ರದ ಸ್ಪೇಸರಿಗೂ ಇದೇ ಶಿಸ್ತು. ಚಕ್ರದ ಬಲವನ್ನು ಹಬ್ಬಿಗೆ ದಾಟಿಸುವುದು ಮುಖ್ಯವಾಗಿ ನಟ್ಟುಗಳು ಬಿಗಿದು ಒತ್ತಿದ ಎರಡು ಮುಖಗಳ ನಡುವಿನ ಘರ್ಷಣೆ. ಆ ಮುಖಗಳ ಮೇಲೆ ಪೇಂಟು, ತುಕ್ಕು ಇರಕೂಡದು. 12 ಮಿ.ಮೀ. ಸ್ಟಡ್ಡಿಗೆ ನಟ್ಟು ಕಡಿಮೆಯೆಂದರೂ ಅಷ್ಟೇ ಆಳ ಹಿಡಿದಿರಬೇಕು. 20 ಮಿ.ಮೀ. ಹೊರಗೆ ತಳ್ಳಿದ ಚಕ್ರ ಬೇರಿಂಗನ್ನು ಹಾರೆಯಂತೆ ಮೀಟುತ್ತದೆ.

ಹೈಡ್ರಾಲಿಕ್ಸ್ ವಿಷಯಕ್ಕೆ ಗ್ಯಾರೇಜುಗಳು ಬಾಯಿ ಬಿಡುವುದೇ ಇಲ್ಲ. ತಿರುಗುವ ಡ್ರಮ್ಮು ಮುಂದಿನ ಶೂವನ್ನು ತಾನೇ ಎಳೆದುಕೊಳ್ಳುವುದರಿಂದ, ಅಷ್ಟೇ ಒತ್ತು ಕೊಟ್ಟರೂ ಡ್ರಮ್ಮು ಡಿಸ್ಕಿಗಿಂತ ಎರಡು ಮೂರು ಪಟ್ಟು ಬಲ ಕೊಡುತ್ತದೆ. ಡಿಸ್ಕಿಗೆ ಆ ಅನುಕೂಲವಿಲ್ಲ. ಕ್ಯಾಲಿಪರಿನ ಪಿಸ್ಟನ್ ದೊಡ್ಡದಿರಬೇಕು. 19 ಮಿ.ಮೀ. ಪಿಸ್ಟನ್ ಜಾಗಕ್ಕೆ 34 ಮಿ.ಮೀ.ಯದು ಬಂದರೆ ಅದರ ಮುಖದ ವಿಸ್ತೀರ್ಣ ಮೂರು ಪಟ್ಟಿಗೂ ಹೆಚ್ಚು. ಅಷ್ಟು ಫ್ಲೂಯಿಡ್ ತಳ್ಳಲು ಹಳೆಯ ಮಾಸ್ಟರ್ ಸಿಲಿಂಡರಿಗೆ ಸಾಧ್ಯವೇ? ಹಿಂದಿನ ಒತ್ತಡ ತಗ್ಗಿಸುವ ವಾಲ್ವ್ ಡ್ರಮ್ಮಿಗೆ ಹೊಂದಿಸಿದ್ದು, ಅದನ್ನು ಬದಲಿಸುವವರು ಯಾರು? ಹ್ಯಾಂಡ್‌ಬ್ರೇಕಿನ ಕೇಬಲ್ ಎಲ್ಲಿಗೆ ಸಿಕ್ಕಿಸುತ್ತಾರೆ? ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇಂಥ ಮಾರ್ಪಾಡುಗಳಿಗೆ ತೊಡಕು ಎಂಬುದನ್ನೂ ವಿಮೆಯವರು ನೆನಪಿಟ್ಟಿರುತ್ತಾರೆ.

ಅಂದಹಾಗೆ, ಫೋಕ್ಸ್‌ವ್ಯಾಗನ್ ತನ್ನ ವಿದ್ಯುತ್ ಕಾರು ಐಡಿ.3ಕ್ಕೆ ಹಿಂದೆ ಹಾಕಿರುವುದು ಡ್ರಮ್ಮನ್ನೇ. ಅಲ್ಲಿ ವೇಗ ತಗ್ಗಿಸುವ ಬಹುಪಾಲು ಕೆಲಸ ಮೋಟರಿನದು. ಅಪರೂಪಕ್ಕೆ ಬಳಸುವ ಡಿಸ್ಕ್ ತುಕ್ಕು ಹಿಡಿಯುತ್ತದೆ, ಮುಚ್ಚಿದ ಡ್ರಮ್ಮಿಗೆ ಆ ಚಿಂತೆ ಕಡಿಮೆ.

ಹಾಸನದವರು ಅದೇ ದುಡ್ಡಿನಲ್ಲಿ ನಾಲ್ಕು ಒಳ್ಳೆಯ ಟೈರು, ಮುಂದಕ್ಕೆ ಹೊಸ ಪ್ಯಾಡು ಹಾಕಿಸಲಿ. ಬ್ರೇಕ್ ಫ್ಲೂಯಿಡನ್ನೂ ಬದಲಿಸಲಿ: ಅದು ಗಾಳಿಯ ತೇವ ಹೀರುತ್ತದೆ. ಹೊಸತಿದ್ದಾಗ 230 ಡಿಗ್ರಿವರೆಗೂ ಕುದಿಯಬಾರದ ಡಾಟ್ 4 ಫ್ಲೂಯಿಡಿಗೆ, ತೇವ ಹೀರಿದ ಮೇಲೆ ನಿಯಮ ಕೇಳುವ ಕನಿಷ್ಠ ಕುದಿಬಿಂದು 155 ಡಿಗ್ರಿ ಮಾತ್ರ.