ಬೈಪಾಸ್ ಬಂತಂದ್ರ ಬಸ್ಸು ಎಲ್ಲಿ ನಿಲ್ತದ?

ಹೆದ್ದಾರಿ ಅಗಲ ಆಗ್ತದಂತ, ಊರು ಬಿಟ್ಟು ಹೊರಗಿನಿಂದ ಹೊಸ ಗೆರೆ ಎಳೀತಾರಂತ. ಚಹಾದಂಗಡಿಯಲ್ಲಿ ಈ ಮಾತು ಎದ್ದಿತೆಂದರೆ ಮೊದಲು ಬರುವ ಪ್ರಶ್ನೆ, 'ಯಾರ ಹೊಲ ಹೋಗ್ತದ?' ಅದರ ಬೆನ್ನಿಗೇ, 'ಎಕರೆಗೆ ಎಷ್ಟು ಕೊಡ್ತಾರ?' ಮೂರನೆಯ ಪ್ರಶ್ನೆ ಕೇಳುವವರು ಕಡಿಮೆ. ಹಳ್ಳದ ನೀರು, ರಸ್ತೆ ಬದಿಯ ಗಿಡ, ಊರೊಳಗಿನ ವ್ಯಾಪಾರ, ಬಸ್ ನಿಲುಗಡೆ ಇವುಗಳ ಗತಿಯೇನು, ಯಾರು ತೂಗಿ ನೋಡಿದರು?

ಜಕ್ಕಲಿ, ರೋಣ, ನರೇಗಲ್ಲ ಸೀಮೆಗೆ ಹೆದ್ದಾರಿ ದೂರದ ಮಾತಲ್ಲ. ಒಂದು ಕಡೆ ಹುಬ್ಬಳ್ಳಿಯಿಂದ ಗದಗ, ಕೊಪ್ಪಳದ ಮೇಲೆ ಹೊಸಪೇಟೆಗೆ ಹೋಗುವ ಹೆದ್ದಾರಿ. ಇನ್ನೊಂದು ಕಡೆ ನರಗುಂದದ ಮೇಲೆ ಹಾಯ್ದ ಹುಬ್ಬಳ್ಳಿ-ವಿಜಯಪುರ ಹೆದ್ದಾರಿ. ಗಜೇಂದ್ರಗಡದಿಂದ ಬಾದಾಮಿ ಕಡೆಗೆ ಮತ್ತೊಂದು. ಇವುಗಳಲ್ಲಿ ಯಾವುದಕ್ಕೇ ಆಗಲಿ ನಾಳೆ ಹೊಸ ತಿರುವು ಕೊಡಬೇಕೆಂದರೆ ಪರಿಸರದ ಪರಿಶೀಲನೆ ಆಗಲೇಬೇಕು ಎಂದು ಸಾರ್ವಜನಿಕರು ನಂಬಿಕೊಂಡಿದ್ದಾರೆ. ಆ ನಂಬಿಗೆ ಪೂರ್ತಿ ನಿಜವಲ್ಲ.

ಕೇಂದ್ರ ಪರಿಸರ ಮಂತ್ರಾಲಯ 2006ರ ಸಪ್ಟಂಬರ 14ರಂದು ಹೊರಡಿಸಿದ ಅಧಿಸೂಚನೆ ಈ ವ್ಯವಹಾರದ ಮೂಲ. ಹೊಸ ರಾಷ್ಟ್ರೀಯ ಹೆದ್ದಾರಿಗೆ ಪರಿಸರ ಅನುಮತಿ ಬೇಕು. ಇದ್ದ ಹೆದ್ದಾರಿಯನ್ನು ವಿಸ್ತರಿಸುವುದಾದರೆ 30 ಕಿಲೋಮೀಟರ್ ಮೀರಿದಾಗ ಬೇಕು ಎಂದು ಅದರಲ್ಲಿತ್ತು, ಜೊತೆಗೆ ಅಗಲದ ಷರತ್ತು ಬೇರೆ. 2013ರ ಆಗಸ್ಟ್ 22ರಂದು ಈ ಅಳತೆಯನ್ನೇ ಬದಲಿಸಿದರು. ವಿಸ್ತರಣೆ 100 ಕಿಲೋಮೀಟರಿಗಿಂತ ಉದ್ದ ಇರಬೇಕು. ಅದರ ಮೇಲೆ, ಹೊಸದಾಗಿ ತೆಗೆದುಕೊಳ್ಳುವ ಜಾಗದ ಅಗಲ ಹಳೆಯ ಗೆರೆಯ ಮೇಲಾದರೆ 40 ಮೀಟರ್, ಬದಲಿ ಗೆರೆ ಅಥವಾ ಬೈಪಾಸ್ ಆದರೆ 60 ಮೀಟರ್ ಮೀರಬೇಕು. ಮೀರದಿದ್ದರೆ ಪರಿಸರ ಅನುಮತಿಯ ಗೊಡವೆ ಇಲ್ಲ.

ನಾಲ್ಕು ಪಥದ ಬೈಪಾಸಿಗೆ ಸಾಮಾನ್ಯವಾಗಿ ತೆಗೆದುಕೊಳ್ಳುವ ಅಗಲ ಎಷ್ಟು ಗೊತ್ತೇನ್ರೀ? 60 ಮೀಟರೇ. ಅಂದರೆ ಸುಮಾರು ಇನ್ನೂರು ಅಡಿ. ಗೆರೆಗೆ ಸರಿಯಾಗಿ ಕಾಲಿಟ್ಟು ನಿಂತಂಗಾಯ್ತು!

ಒಂದು ಊರನ್ನು ಬಳಸಿಕೊಂಡು ಹೋಗುವ ಐದೆಂಟು ಕಿಲೋಮೀಟರಿನ ಬೈಪಾಸಂತೂ ಈ ಲೆಕ್ಕಕ್ಕೆ ಬರುವುದೇ ಇಲ್ಲ. ಬೆಳಗಾವಿಯ ಹಲಗಾ-ಮಚ್ಛೆ ಬೈಪಾಸ್ ಹತ್ತು ಕಿಲೋಮೀಟರಿನ ಒಳಗಿನದು. ಫಲವತ್ತಾದ ಹೊಲ ಹೋಗುತ್ತದೆ ಎಂದು ಅಲ್ಲಿಯ ರೈತರು ವರ್ಷಗಟ್ಟಲೆ ಕೋರ್ಟು ಕಚೇರಿ ಅಲೆದರು.

ಹೋದರೆ ಹೋಯ್ತು, ಒಂದು ಸರಕಾರಿ ವರದಿ ಕಡಿಮೆ ಆಯ್ತು ಎನ್ನಬಹುದು. ಆದರೆ ವರದಿಯ ಜೊತೆಗೆ ಹೋಗುವುದು ಸಾರ್ವಜನಿಕ ಅಹವಾಲು ಸಭೆ. ಅದನ್ನು ನಡೆಸುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಜಿಲ್ಲಾಧಿಕಾರಿಯೋ ಅವರ ಪರವಾಗಿ ಅಪರ ಜಿಲ್ಲಾಧಿಕಾರಿ ದರ್ಜೆಯವರೋ ಅಧ್ಯಕ್ಷರು. ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು, ವರದಿಯ ಸಾರಾಂಶ ಕನ್ನಡದಲ್ಲಿರಬೇಕು. ಸಭೆ ಮುಗಿದ ಮೇಲೆ ಜನ ಏನು ಹೇಳಿದರೆಂಬುದನ್ನು ಅಲ್ಲೇ ಅವರ ಭಾಷೆಯಲ್ಲೇ ತಿಳಿಸಬೇಕು. ಹೊಲ ಇದ್ದವನೇ ಮಾತಾಡಬೇಕೆಂದಿಲ್ಲ. ಮಿರ್ಚಿ ಭಜಿ ಮಾರುವವ, ಪಂಕ್ಚರ್ ತಿದ್ದುವವ, ದಿನಾ ಪಾಸಿನ ಮೇಲೆ ಗದಗಕ್ಕೆ ಹೋಗುವ ಕಾಲೇಜು ಹುಡುಗಿ, ಎಲ್ಲರೂ ಎದ್ದು ನಿಂತು ಕೇಳಬಹುದು.

ಆ ಸಭೆ ಇಲ್ಲವಾದರೆ ಉಳಿಯುವುದು 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ ಒಂದು ಕಿಂಡಿ. ಭೂಸ್ವಾಧೀನದ ಅಧಿಸೂಚನೆ ರಾಜಪತ್ರದಲ್ಲಿ ಪ್ರಕಟವಾದ ದಿನದಿಂದ 21 ದಿನದೊಳಗೆ ತಕರಾರು ಕೊಡಬೇಕು. ಪೇಪರು ಕೈಗೆ ಬರೋದರೊಳಗ ಅದರಾಗ ಕೆಲವು ದಿನ ಹೋಗಿರಲೂ ಬಹುದು. ತಕರಾರು ಕೊಡುವ ಹಕ್ಕಾದರೂ ಯಾರಿಗೆ? ಆ ಜಮೀನಿನಲ್ಲಿ ಹಿತಾಸಕ್ತಿ ಇದ್ದವರಿಗೆ ಮಾತ್ರ. ಹಳೇ ರಸ್ತೆಯ ಬದಿಗೆ ಮೂವತ್ತು ವರ್ಷ ಅಂಗಡಿ ಇಟ್ಟವನ ಒಂದು ಗೇಣು ಜಾಗವೂ ಹೋಗುವುದಿಲ್ಲ, ಹೋಗುವುದು ಗಿರಾಕಿ. ದೂರದ ಬಸ್ಸು ಬೈಪಾಸ್ ಹಿಡಿದು ಕ್ರಾಸಿನಲ್ಲಿ ಇಳಿಸಿ ಹೋದರೆ ರಾತ್ರಿ ಗಂಟುಮೂಟೆ ಹೊತ್ತು ನಡೆಯುವವನದೂ ಅದೇ ಪಾಡು. ಕಾಗದದ ಮೇಲೆ ಇವರಿಬ್ಬರೂ ಸಂಬಂಧವಿಲ್ಲದವರು.

ಉದ್ದದ ರಸ್ತೆಯನ್ನು ತುಂಡು ತುಂಡು ಮಾಡಿ ನೂರರ ಗೆರೆಯ ಕೆಳಗೆ ಇಡುತ್ತಾರೆ ಎಂಬ ದೂರೂ ಇದೆ. ತಮಿಳುನಾಡಿನ ವಿಲ್ಲುಪುರಂ-ನಾಗಪಟ್ಟಣಂ ಹೆದ್ದಾರಿಯನ್ನು ನಾಲ್ಕು ಪ್ಯಾಕೇಜು ಮಾಡಿದ್ದರು. ಪರಿಸರ ಅನುಮತಿ ಬೇಕು ಎಂದಿತು ಮದ್ರಾಸ್ ಹೈಕೋರ್ಟು. 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ತೆಗೆದುಹಾಕಿತು. ಆದರೆ ಅನುಮತಿ ತಪ್ಪಿಸಲಿಕ್ಕೆಂದೇ ರಸ್ತೆಯನ್ನು ತುಂಡರಿಸುವುದು ಸಲ್ಲ ಎಂದೂ, ಅದನ್ನು ನೋಡಲು ತಜ್ಞರ ಸಮಿತಿ ಮಾಡಿರೆಂದೂ ಮಂತ್ರಾಲಯಕ್ಕೆ ಹೇಳಿತು.

ಪರಿಶೀಲನೆ ನಡೆದರೆ ಎಲ್ಲ ಸರಿಹೋಗ್ತದೇನು? ಹಾಗೂ ಇಲ್ಲ. ಬೆಂಗಳೂರಿನ ಸುಮಾರು 65 ಕಿಲೋಮೀಟರಿನ ಪೆರಿಫೆರಲ್ ರಿಂಗ್ ರೋಡಿಗೆ 2014ರಲ್ಲಿ ಅನುಮತಿ ಕೊಟ್ಟರು. ಹೋಗುವ ಗಿಡಗಳನ್ನು ಮೊದಲು ನೂರರ ಲೆಕ್ಕದಲ್ಲಿ ತೋರಿಸಿದ್ದು, ಆಮೇಲೆ ಹದಿನಾರು ಸಾವಿರ ದಾಟಿತು. ವರದಿಗೆ ಆಧಾರವಾದ ಅಂಕಿಅಂಶಗಳೋ ಹಳಸಿದ್ದವು. 2019ರಲ್ಲಿ ಹಸಿರು ನ್ಯಾಯಮಂಡಳಿಯಲ್ಲಿ ಸಿಕ್ಕಿಬಿದ್ದು, 2020ರ ಮಾರ್ಚ್ 17ರಂದು ಸುಪ್ರೀಂ ಕೋರ್ಟು ಹೊಸದಾಗಿ ಅಧ್ಯಯನ ಮಾಡಿರಿ ಎಂದಿತು. ಸುಳ್ಳು ಸಿಕ್ಕಿದ್ದು ಹೇಗೆ? ಬರೆದಿಟ್ಟ ವರದಿ ಇತ್ತು, ಅದಕ್ಕೇ ಸಿಕ್ಕಿತು. ವರದಿಯೇ ಇಲ್ಲದ ರಸ್ತೆಯಲ್ಲಿ ಹಿಡಿಯುವುದಾದರೂ ಏನನ್ನು?

ನಮ್ಮದು ಎರಿ ಭೂಮಿ, ಕಾಡು ಎಲ್ಲೈತಿ, ಪರಿಸರ ಎಲ್ಲೈತಿ ಎಂದು ನಗುವವರಿದ್ದಾರೆ. ನಮ್ಮ ಪರಿಸರವೆಂದರೆ ಮೊದಲು ನೀರಿನ ಹರಿವು. ಎರಿ ಮಣ್ಣು ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಗೆ ಉಬ್ಬುತ್ತದೆ, ಬಿದ್ದ ನೀರನ್ನು ಬೇಗ ಕುಡಿಯುವುದಿಲ್ಲ. ಅದರ ಮೇಲೆ ಆಳೆತ್ತರ ಗರಸು ಪೇರಿಸಿ ರಸ್ತೆ ಎತ್ತರಿಸಿದರೆ ಅದು ಹೊಲದ ನಡುವೆ ಕಟ್ಟಿದ ಒಡ್ಡು. ಮೋರಿ ಎರಡು ಕಡಿಮೆಯಾದರೂ ಸಾಕು, ಮೇಲಿನ ಹೊಲದ ಕಡಲೆ, ಜೋಳ ನೀರಲ್ಲಿ ನಿಂತು ಕೊಳೆಯುತ್ತದೆ. ಬೆಣ್ಣಿಹಳ್ಳ ಸೊಕ್ಕಿದಾಗ ಏನು ಮಾಡುತ್ತದೆಂದು ರೋಣ, ನರಗುಂದದವರಿಗೆ ಹೇಳಬೇಕಾಗಿಲ್ಲ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಕೊಣ್ಣೂರಿನ ಹತ್ತಿರ ಹುಬ್ಬಳ್ಳಿ-ವಿಜಯಪುರ ಹೆದ್ದಾರಿಯನ್ನೇ ಮುಚ್ಚಿತ್ತು. ಬಸ್ಸುಗಳು ನಿಂತವು.

ಆದ್ದರಿಂದ ಗೆರೆ ಎಳೆಯುವ ಹಂತದಲ್ಲೇ ಗ್ರಾಮ ಪಂಚಾಯತಿಯವರು ನಕ್ಷೆ ಕೇಳಬೇಕು. ವಿವರವಾದ ಯೋಜನಾ ವರದಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಲಿಕ್ಕೆ ಹತ್ತು ರೂಪಾಯಿ ಸಾಕು. ನಕ್ಷೆ ಕೈಗೆ ಬಂದ ಮೇಲೆ ಹಳ್ಳ ಎಷ್ಟು ಕಡೆ ದಾಟುತ್ತದೆ, ಮೋರಿ ಎಷ್ಟು ಹಾಕಿದ್ದಾರೆ ಎಂದು ಎಣಿಸಬೇಕು. ಊರೊಳಗೆ ಬರುವ ಬಸ್ಸುಗಳ ಬಗ್ಗೆ ಸಾರಿಗೆ ಸಂಸ್ಥೆಯ ಡಿಪೋದಿಂದ ಲಿಖಿತ ಉತ್ತರ ಪಡೆಯಬೇಕು. ಬಾಯಿಮಾತು ಬೇಡ, ಡಿಪೋದ ಸಾಹೇಬರು ಬದಲಾಗ್ತಾರ, ಬೈಪಾಸ್ ಬದಲಾಗೂದಿಲ್ಲ.