ಸೆರೆಮನೆಯಲ್ಲಿ ಮನೋರೋಗ: ಹಿಂಸೆಯ ಭಯ ಎಷ್ಟು ನಿಜ?

ಸೆರೆವಾಸಿಗೆ ಮನೋರೋಗವಿದೆ ಎಂದೊಡನೆ ಕೇಳುವವರ ಮನಸ್ಸಿನಲ್ಲಿ ಹಿಂಸೆಯ ಚಿತ್ರವೇ ಮೂಡುತ್ತದೆ. ಮೊದಲೇ ಅಪರಾಧಿ, ಅದರ ಮೇಲೆ ‘ಹುಚ್ಚ’ ಎಂಬ ಈ ಜೋಡಿ ಹಣೆಪಟ್ಟಿಯನ್ನು ಬಿಡಿಸಿ ನೋಡುವುದು ಅಗತ್ಯ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಜ್ಞರು ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹದ 5024 ಬಂದಿಗಳನ್ನು ಅಧ್ಯಯನಕ್ಕೊಳಪಡಿಸಿ 2011ರಲ್ಲಿ ವರದಿ ಪ್ರಕಟಿಸಿದರು. ಮನೋರೋಗ ಅಥವಾ ವ್ಯಸನದ ತೊಂದರೆ ಇದ್ದವರು ಶೇ. 79.6. ವ್ಯಸನವನ್ನು ಬದಿಗಿರಿಸಿದಾಗ ಈ ಪ್ರಮಾಣ ಶೇ. 27.6ಕ್ಕೆ ಇಳಿಯಿತು. ಈ ಎರಡು ಸಂಖ್ಯೆಗಳ ನಡುವಿನ ಅಂತರವೇ ವಿಷಯದ ತಿರುಳು.

ಅಮೆರಿಕದಲ್ಲಿ ಮನೋರೋಗ ಚಿಕಿತ್ಸಾಲಯಗಳಿಂದ ಬಿಡುಗಡೆಯಾದವರನ್ನು ಕುರಿತ ಮ್ಯಾಕ್‌ಆರ್ಥರ್ ಅಧ್ಯಯನ (1998) ಇದನ್ನೇ ಇನ್ನೊಂದು ಬಗೆಯಲ್ಲಿ ತೋರಿಸಿತು. ವ್ಯಸನವಿಲ್ಲದ ರೋಗಿಗಳು ವ್ಯಸನವಿಲ್ಲದ ತಮ್ಮ ನೆರೆಹೊರೆಯವರಿಗಿಂತ ಹೆಚ್ಚು ಹಿಂಸಾಪರರಾಗಿರಲಿಲ್ಲ. ವ್ಯಸನವು ಎರಡೂ ಗುಂಪುಗಳಲ್ಲಿ ಹಿಂಸೆಯನ್ನು ಹೆಚ್ಚಿಸಿತ್ತು. ಹಾಗೆಂದು ಅಪಾಯವೇ ಇಲ್ಲವೆನ್ನಲಾಗದು. ಎಲ್ಲರೂ ತನ್ನನ್ನು ಕೊಲ್ಲಲು ಹೊಂಚುತ್ತಿದ್ದಾರೆಂಬ ಭ್ರಮೆಗೆ ಒಳಗಾದವನು ಆತ್ಮರಕ್ಷಣೆಯೆಂದೇ ತಿಳಿದು ಕೈಯೆತ್ತಬಹುದು. ಚಿಕಿತ್ಸೆ ದೊರೆತರೆ ಈ ಅಪಾಯ ತಗ್ಗುತ್ತದೆ.

ಸೆರೆಮನೆಯಲ್ಲಿ ವಿಶೇಷವಾಗಿ ಗಮನಿಸಬೇಕಾದದ್ದು ಬಂಧನದ ಮೊದಲ ವಾರ. ನಿತ್ಯ ಕುಡಿಯುತ್ತಿದ್ದವನಿಗೆ ಒಮ್ಮೆಲೇ ಮದ್ಯ ತಪ್ಪಿದರೆ ಎರಡು ಮೂರು ದಿನಗಳಲ್ಲಿ ಕೈನಡುಕ, ಬೆವರು, ನಿದ್ರಾಹೀನತೆ ಕಾಣಿಸಿಕೊಳ್ಳುತ್ತವೆ. ಕೆಲವರಿಗೆ ಇಲ್ಲದ್ದು ಕಂಡಂತೆ, ಕೇಳಿದಂತೆ ಆಗುತ್ತದೆ; ಸ್ಥಳಕಾಲಗಳ ಅರಿವು ತಪ್ಪುತ್ತದೆ. ಆತ ಕೂಗಾಡಿದರೆ ಕಾವಲುಗಾರನಿಗೆ ಅದು ಮೊಂಡುತನವಾಗಿ ತೋರುತ್ತದೆ, ಒಂಟಿಕೋಣೆ ಪರಿಹಾರವಾಗಿ ಹೊಳೆಯುತ್ತದೆ. ವಾಸ್ತವದಲ್ಲಿ ಅದು ಪ್ರಾಣಾಪಾಯದ ಸ್ಥಿತಿ, ಬೇಕಾದದ್ದು ವೈದ್ಯ. ಇನ್ನು ಹಿಂಸೆ ಹೊರಮುಖವಾಗುವುದಕ್ಕಿಂತ ಒಳಮುಖವಾಗುವುದೇ ಗಂಭೀರ: ಭಾರತದ ಸೆರೆಮನೆಗಳ ಅಸಹಜ ಸಾವುಗಳಲ್ಲಿ ಆತ್ಮಹತ್ಯೆಗಳದೇ ಅಗ್ರಸ್ಥಾನ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 103ನೆಯ ಕಲಮಿನಂತೆ, ಸೆರೆಮನೆಯಲ್ಲಿ ಮನೋರೋಗಿ ಬಂದಿಗಳಿಲ್ಲವೆಂದು ವೈದ್ಯಾಧಿಕಾರಿ ಮೂರು ತಿಂಗಳಿಗೊಮ್ಮೆ ಪ್ರಮಾಣೀಕರಿಸಬೇಕು. ಹುಡುಕುವ ಮುನ್ನವೇ ‘ಇಲ್ಲ’ ಎನ್ನಿಸುವ ವಿಚಿತ್ರ ಒಕ್ಕಣೆಯಿದು.

ಜತ್ತ ತಾಲೂಕಿನ ಕನ್ನಡಿಗನಿಗೆ ಇಲ್ಲಿ ಇನ್ನೊಂದು ತೊಡಕಿದೆ. ಮೈಯ ನೋವನ್ನು ಬೆರಳಿಟ್ಟು ತೋರಿಸಬಹುದು. ಮನಸ್ಸಿನ ನೋವಿಗೆ ಮಾತೇ ಬೇಕು. ‘ತಲಿ ಕೆಟ್ಟೈತಿ’ ಎಂದು ಇಲ್ಲಿಯವರು ಬೇಸರಕ್ಕೂ ಹೇಳುತ್ತಾರೆ, ಸಿಟ್ಟಿಗೂ ಹೇಳುತ್ತಾರೆ. ‘ಜೀವಕ್ಕ ಸಮಾಧಾನಿಲ್ಲ’ ಎಂಬ ಮಾತಿನಲ್ಲಿ ಗಾಢ ಖಿನ್ನತೆ ಅಡಗಿರಬಹುದು. ಮರಾಠಿ ಬಲ್ಲ ವೈದ್ಯರಿಗೆ ಇವನ್ನು ಪದಕ್ಕೆ ಪದವಿಟ್ಟು ಅನುವಾದಿಸಿದರೆ ಮೊದಲನೆಯದು ಹುಚ್ಚಾಗಿ ಕಂಡೀತು, ಎರಡನೆಯದು ಬರಿಯ ಬೇಸರವಾಗಿ ಉಳಿದೀತು. ತನ್ನ ರೋಗ ಮತ್ತು ಚಿಕಿತ್ಸೆಯ ವಿವರವನ್ನು ತನಗೆ ತಿಳಿಯುವ ಭಾಷೆಯಲ್ಲಿ ಪಡೆಯುವುದು ಅದೇ ಕಾಯ್ದೆಯ 22ನೆಯ ಕಲಮಿನಂತೆ ರೋಗಿಯ ಹಕ್ಕು. ಸಹಬಂದಿಯೊಬ್ಬನನ್ನು ದುಭಾಷಿಯಾಗಿ ನಿಲ್ಲಿಸುವುದರಿಂದ ಆ ಹಕ್ಕು ಈಡೇರದು. ಅವನೆದುರು ಗುಟ್ಟು ಉಳಿಯುವುದಿಲ್ಲ, ರೋಗಿ ಬಾಯಿ ಬಿಡುವುದೂ ಇಲ್ಲ.